ಬಂದೂಕು ಹೊತ್ತ ಗಿರಾಕಿ, ಬಾಗಿಲ ಬಳಿ ಮಾಲೀಕನ ಹಕ್ಕು

ಚನ್ನಗಿರಿಯ ಅಡಿಕೆ ತೋಟಗಳಿಂದ ಜಗಳೂರಿನ ಮಳೆಯಾಶ್ರಿತ ಮೆಕ್ಕೆಜೋಳದ ಹೊಲಗಳವರೆಗೆ, ನಡುವೆ ತುಂಗಭದ್ರೆಯ ದಡದ ಹೊನ್ನಾಳಿಯನ್ನೂ ಅದರಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ನ್ಯಾಮತಿಯನ್ನೂ ಸೇರಿಸಿಕೊಂಡು, ದಾವಣಗೆರೆ ಜಿಲ್ಲೆಯ ಈ ಭಾಗದಲ್ಲಿ ಬಂದೂಕು ಮುಖ್ಯವಾಗಿ ಬೆಳೆ ಕಾಯುವ ಸಾಧನವಾಗಿಯೇ ರೈತರ ಮನೆಗಳಲ್ಲಿ ಉಳಿದುಬಂದಿದೆ. ಹಂದಿ ಕಾಟ, ಮಂಗಗಳ ಹಾವಳಿ, ಜಗಳೂರಿನ ಕಡೆ ಕರಡಿಯ ಭಯ, ಇವು ಆ ಬಂದೂಕಿಗೆ ಕಾರಣ ಒದಗಿಸುತ್ತವೆ; ಹೊಲದ ಅಟ್ಟಣೆಯ ಮೇಲೆ ರಾತ್ರಿ ಕಾವಲಿಗೆ ಕುಳಿತ ರೈತನ ಕೈಯಲ್ಲಿರುವಾಗ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಪ್ರಶ್ನೆ ಹುಟ್ಟುವುದು ಅದೇ ಬಂದೂಕು ಪೇಟೆಗೆ ಬಂದಾಗ. ಪರವಾನಗಿಯ ನವೀಕರಣಕ್ಕೋ, ದುರಸ್ತಿಗೋ, ಚುನಾವಣೆಯ ಹೊತ್ತಿಗೆ ಠಾಣೆಯಲ್ಲಿ ಠೇವಣಿ ಇಡುವುದಕ್ಕೋ ಬಂದವರು ದಾರಿಯಲ್ಲಿ ಹೋಟೆಲಿಗೆ ನುಗ್ಗಿ ತಿಂಡಿ ತಿನ್ನುವುದು, ಗೊಬ್ಬರದ ಅಂಗಡಿಯಲ್ಲಿ ಬಾಕಿ ಕಟ್ಟುವುದು, ಬ್ಯಾಂಕಿನ ಸಾಲಿನಲ್ಲಿ ನಿಲ್ಲುವುದು ಸಹಜವೇ ಆಗಿದ್ದು, ಅಂಥ ಗಿರಾಕಿಗೆ ಅಂಗಡಿಯ ಮಾಲೀಕ 'ಬಂದೂಕು ಒಳಗೆ ತರಬೇಡಿ' ಎಂದು ಹೇಳಬಹುದೆ, ಹೇಳಿದರೆ ಅದಕ್ಕೆ ಕಾನೂನಿನ ಬಲವಿದೆಯೆ, ಆ ಬಲದ ಮಿತಿ ಎಲ್ಲಿಯವರೆಗೆ ಎಂಬುದು ಈ ಲೇಖನದ ವಿಷಯ.

ಹೇಳಬಹುದು ಎಂಬುದೇ ನೇರವಾದ ಉತ್ತರ. ಆದರೆ ಆ ಉತ್ತರ ಭಾರತದಲ್ಲಿ ಹುಟ್ಟುವ ಬಗೆ ಅಮೆರಿಕದಂಥ ದೇಶಗಳಲ್ಲಿ ಹುಟ್ಟುವ ಬಗೆಗಿಂತ ತೀರ ಬೇರೆಯಾದದ್ದು. ಅಲ್ಲಿ ಶಸ್ತ್ರ ಹೊಂದುವುದನ್ನು ಸಂವಿಧಾನವೇ ನಾಗರಿಕರ ಹಕ್ಕೆಂದು ಕಾಯುತ್ತದೆ. ಇಲ್ಲಿ ಅದು ಸರ್ಕಾರ ಷರತ್ತಿನ ಮೇಲೆ ಕೊಟ್ಟ ಅನುಮತಿ ಮಾತ್ರ. ಭಾರತ ಸಂವಿಧಾನದ 19ನೇ ವಿಧಿ ಸಭೆ ಸೇರುವ ಹಕ್ಕನ್ನು ಕೊಡುವಾಗಲೇ, ಆ ಸಭೆ ಶಾಂತಿಯುತವಾಗಿರಬೇಕು ಮತ್ತು ಆಯುಧಗಳಿಲ್ಲದೆ ಇರಬೇಕು ಎಂದು ಸೇರಿಸಿದೆ. 2023ರ ಫೆಬ್ರವರಿಯಲ್ಲಿ, ಪರವಾನಗಿಯಿಲ್ಲದ ಶಸ್ತ್ರಗಳಿಗೆ ಸಂಬಂಧಿಸಿದ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಅಮೆರಿಕದಲ್ಲಿರುವಂತೆ ಇಲ್ಲಿ ಶಸ್ತ್ರ ಹೊಂದುವ ಮೂಲಭೂತ ಹಕ್ಕು ಯಾರಿಗೂ ಇಲ್ಲವೆಂಬುದನ್ನು ಸ್ಪಷ್ಟವಾಗಿ ನೆನಪಿಸಿತು.

ಈ ವ್ಯವಸ್ಥೆಯ ಬೇರು ವಸಾಹತು ಕಾಲದಲ್ಲಿದೆ. 1857ರ ದಂಗೆಯ ಹೊತ್ತಿಗೆ ಬ್ರಿಟಿಷರು ಜಾರಿಗೆ ತಂದ ನಿಶ್ಶಸ್ತ್ರೀಕರಣದ ಕಾಯ್ದೆಯನ್ನು ಒಪ್ಪದೆ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಸಿಡಿದೆದ್ದದ್ದು ಕನ್ನಡ ನಾಡಿನ ಲಾವಣಿಗಳಲ್ಲಿ ಇಂದಿಗೂ ಉಳಿದಿರುವ ಸಂಗತಿ. ಆನಂತರ ಬಂದ 1878ರ ಭಾರತೀಯ ಶಸ್ತ್ರಾಸ್ತ್ರ ಕಾಯ್ದೆ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟು ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯ ಮಾಡಿದ್ದರಿಂದ, ಅದನ್ನು ಅವಮಾನವೆಂದೇ ಈ ನೆಲದ ಜನ ಕಂಡರು. ಪಾಳೆಯಗಾರರ ಆಳ್ವಿಕೆಯ ನೆನಪು ಇನ್ನೂ ಹಸಿಯಾಗಿದ್ದ ಬಸವಾಪಟ್ಟಣ, ಸಂತೇಬೆನ್ನೂರು ಹಾಗೂ ಚಿತ್ರದುರ್ಗದ ಸೀಮೆಯಲ್ಲಿ ಆಯುಧ ಎಂದರೆ ಮಾನವೂ ಆಗಿತ್ತು ಎಂಬುದನ್ನು ಮರೆಯುವಂತಿಲ್ಲ. ಸ್ವಾತಂತ್ರ್ಯಾನಂತರ ಸಂಸತ್ತು ಅಂಗೀಕರಿಸಿದ, 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ 1959ರ ಶಸ್ತ್ರಾಸ್ತ್ರ ಕಾಯ್ದೆ ಆ ಜನಾಂಗಭೇದವನ್ನು ತೊಡೆದುಹಾಕಿತಾದರೂ ಪರವಾನಗಿಯ ಚೌಕಟ್ಟನ್ನು ಉಳಿಸಿಕೊಂಡಿತು. ಇದಕ್ಕೆ ಕರ್ನಾಟಕದಲ್ಲಿರುವ ದೊಡ್ಡ ಅಪವಾದವೆಂದರೆ ಕೊಡಗು: ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ದೊರೆತ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರ ಅಕ್ಟೋಬರ್‌ನಲ್ಲಿ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಿತು, ಮತ್ತು 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೂಡ ಬಂದೂಕು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದೇ ಹೊರತು ಬೇರೊಬ್ಬರ ಅಂಗಡಿಗೆ ಅದನ್ನು ಹೊತ್ತು ಹೋಗುವ ಹಕ್ಕನ್ನು ಯಾರಿಗೂ ಕೊಟ್ಟಿಲ್ಲ.

ದಾವಣಗೆರೆ ಜಿಲ್ಲೆಯಲ್ಲಿ ಪರವಾನಗಿ ಕೊಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಜಿಲ್ಲಾಧಿಕಾರಿಯದು. ಕಾಯ್ದೆಯ 13ನೇ ಪ್ರಕರಣ ರೈತನ ಅಗತ್ಯವನ್ನು ಹೆಸರಿಸಿಯೇ ಹೇಳುತ್ತದೆ: ನಿಜವಾದ ಬೆಳೆ ರಕ್ಷಣೆಗಾಗಿ, ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿಗೆ, ಅಂದರೆ ಹಳ್ಳಿಗರು ನಾಡಬಂದೂಕು ಎನ್ನುವ ಬಗೆಗೆ, ಪರವಾನಗಿ ಕೊಡಬೇಕು, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ತೋಟೆ ಹಾಕುವ ಒಂಟಿ ನಳಿಗೆ ಅಥವಾ ಜೋಡಿ ನಳಿಗೆಯ ಬಂದೂಕಿಗೂ ಕೊಡಬಹುದು. ಸ್ವರಕ್ಷಣೆಗೆಂದು ಪಡೆಯುವ ಪಿಸ್ತೂಲು, ರಿವಾಲ್ವರ್‌ಗಳ ದಾರಿ ಬೇರೆ, ಅಲ್ಲಿ ವಿಚಾರಣೆ ಹೆಚ್ಚು ಬಿಗಿ. 2019ರ ತಿದ್ದುಪಡಿಯ ನಂತರ ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ, ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ.

ಪರವಾನಗಿಯ ಪುಸ್ತಕ ಕೈಗೆ ಬಂದವರಲ್ಲಿ ಎಷ್ಟೋ ಮಂದಿ ಓದದೆ ಬಿಡುವ ಭಾಗವೆಂದರೆ ಅದರಲ್ಲಿ ಅಚ್ಚಾಗಿರುವ ಷರತ್ತುಗಳು, ಮತ್ತು ಪ್ರಸ್ತುತ ಪ್ರಶ್ನೆಯ ಅರ್ಧ ಉತ್ತರ ಅಲ್ಲಿಯೇ ಇದೆ. ಯಾವ ಉದ್ದೇಶಕ್ಕೆ ಬಂದೂಕು ಕೊಡಲಾಗಿದೆಯೋ ಆ ಉದ್ದೇಶಕ್ಕೆ ಪ್ರಾಮಾಣಿಕವಾಗಿ ಬಳಸುವುದಕ್ಕಲ್ಲದೆ ಅದನ್ನು ಹೊತ್ತು ತಿರುಗುವಂತಿಲ್ಲ. ಅಧಿಕಾರಿಯ ವಿಶೇಷ ಅನುಮತಿ ಇಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಬೇರಾವುದೇ ಸಾರ್ವಜನಿಕ ಕೂಟಕ್ಕೆ, ಶಿಕ್ಷಣ ಸಂಸ್ಥೆಯ ಆವರಣಕ್ಕೆ ಒಯ್ಯುವಂತಿಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಪ್ರತಿ ಫೆಬ್ರವರಿಯಲ್ಲಿ ನಡೆಯುವ ಸಂತ ಸೇವಾಲಾಲ್ ಜಯಂತಿಗಾಗಲಿ, ಜಗಳೂರು ತಾಲ್ಲೂಕಿನ ಕೊಡದಗುಡ್ಡದ ವೀರಭದ್ರಸ್ವಾಮಿಯ ಜಾತ್ರೆಗಾಗಲಿ ಬಂದೂಕು ಹಿಡಿದು ಹೋಗುವವರನ್ನು ತಡೆಯಲು ಹೊಸ ಆದೇಶವೇ ಬೇಕಿಲ್ಲ, ಅವರ ಪರವಾನಗಿಯೇ ಅವರನ್ನು ತಡೆದಿರುತ್ತದೆ. ಬೆಳೆ ಅಥವಾ ಜಾನುವಾರು ರಕ್ಷಣೆಗೆಂದು ಕೊಟ್ಟ ಪರವಾನಗಿಯಂತೂ ನಮೂದಿಸಿದ ಪ್ರದೇಶಕ್ಕೆ ಸೀಮಿತವಾದದ್ದು. ಷರತ್ತು ಮುರಿದವರಿಗೆ ಕಾಯ್ದೆಯ 30ನೇ ಪ್ರಕರಣದಡಿ 6 ತಿಂಗಳವರೆಗೆ ಸಜೆ ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ದಂಡದ ಮೊತ್ತ ಇಂದಿಗೆ ಕ್ಷುಲ್ಲಕವೆನಿಸಿದರೂ ಪರವಾನಗಿಯನ್ನೇ ಕಳೆದುಕೊಳ್ಳುವ ಭಯ ಕ್ಷುಲ್ಲಕವಾದದ್ದಲ್ಲ.

ಜಗಳೂರಿನಲ್ಲಿ ಇದರ ಮೇಲೆ ಇನ್ನೊಂದು ಪದರವಿದೆ. ಕೊಂಡುಕುರಿಗಳಿಗೆ ನೆಲೆಯಾದ ರಂಗಯ್ಯನದುರ್ಗದ ಕಾಡು ವನ್ಯಜೀವಿ ಧಾಮವೆಂದು ಘೋಷಿತವಾದ ಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಿಯಮಗಳು ಸುತ್ತಲಿನ ಹಳ್ಳಿಗಳಿಗೂ ಅನ್ವಯಿಸುತ್ತವೆ. ಧಾಮದಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಪರವಾನಗಿದಾರರು ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ಹೆಸರು ನೋಂದಾಯಿಸಬೇಕು, ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿ ಕೊಡಲು ಅವರ ಪೂರ್ವಸಮ್ಮತಿ ಬೇಕು, ಅನುಮತಿಯಿಲ್ಲದೆ ಆಯುಧದೊಂದಿಗೆ ಧಾಮದ ಒಳಗೆ ಕಾಲಿಡುವಂತಿಲ್ಲ. ಬಂದೂಕಿನ ಪರವಾನಗಿ ಬೇಟೆಯ ಪರವಾನಗಿಯಲ್ಲ ಎಂಬ ಸರಳ ಸತ್ಯ ಎಷ್ಟು ಸಲ ಹೇಳಿದರೂ ಸಾಲದು.

ಇನ್ನು ಬಂದೂಕನ್ನು ಎಲ್ಲರಿಗೂ ಕಾಣುವಂತೆ ಹೊತ್ತು ನಡೆಯುವ ವಿಚಾರ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಅಥವಾ ರಿವಾಲ್ವರ್ ಅದಕ್ಕೆಂದೇ ಮಾಡಿದ ಒರೆಯಲ್ಲಿ ಮೈಗೆ ಹೊಂದಿಕೊಂಡಿರಬೇಕು ಇಲ್ಲವೇ ಚೀಲದಲ್ಲಿರಬೇಕು, ಉದ್ದ ನಳಿಗೆಯ ಬಂದೂಕು ತನ್ನ ಹೊದಿಕೆಯಲ್ಲಿರಬೇಕು, ಎರಡೂ ಪೂರ್ತಿಯಾಗಿ ಮುಚ್ಚಿರಬೇಕು ಮತ್ತು ಹೊತ್ತವರ ಪರಿಣಾಮಕಾರಿ ಹಿಡಿತದಲ್ಲಿರಬೇಕು. ಸಾರ್ವಜನಿಕ ಸ್ಥಳದಲ್ಲಿ ಅದನ್ನು ಝಳಪಿಸುವುದು ಕಟ್ಟುನಿಟ್ಟಾಗಿ ನಿಷಿದ್ಧ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳವೆಂದರೆ ಜನರ ಬಳಕೆಗೆ ಉದ್ದೇಶಿಸಿದ ಅಥವಾ ಜನರು ಪ್ರವೇಶಿಸಬಹುದಾದ ಯಾವುದೇ ಜಾಗ. ಹೀಗಾಗಿ ಹೊನ್ನಾಳಿಯ ಬಸ್ ನಿಲ್ದಾಣದ ಎದುರಿನ ಒಂದು ಹೋಟೆಲು ಒಡೆತನದ ಲೆಕ್ಕದಲ್ಲಿ ಖಾಸಗಿ ಸ್ವತ್ತಾಗಿದ್ದರೂ ಬಂದೂಕಿನ ಲೆಕ್ಕದಲ್ಲಿ ಸಾರ್ವಜನಿಕ ಸ್ಥಳವೇ ಆಗುತ್ತದೆ, ಮತ್ತು ಅಲ್ಲಿ ಮೇಜಿನ ಮೇಲೆ ರಿವಾಲ್ವರ್ ಇಟ್ಟುಕೊಂಡು ಕಾಫಿ ಕುಡಿಯುವ ಗಿರಾಕಿ ಮಾಲೀಕನ ಮಾತಿಗೆ ಮುಂಚೆಯೇ ಸರ್ಕಾರದ ನಿಯಮವನ್ನು ಮುರಿದಿರುತ್ತಾನೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಚುನಾವಣಾ ಪ್ರಚಾರದ ವಾಹನವೇರಿ ಮುಖ್ಯಮಂತ್ರಿಯವರಿಗೆ ಹಾರ ಹಾಕಿದ ವ್ಯಕ್ತಿಯೊಬ್ಬರ ಸೊಂಟದಲ್ಲಿ ಬಂದೂಕು ಕಂಡು ರಾಜ್ಯದಲ್ಲೆಲ್ಲ ಗದ್ದಲವೆದ್ದಾಗ ಚರ್ಚೆ ಭದ್ರತಾ ಲೋಪದ ಸುತ್ತಲೇ ಸುತ್ತಿತು. ಪರವಾನಗಿ ಇದ್ದರೂ ಬಂದೂಕು ಕಣ್ಣಿಗೆ ಬೀಳುವಂತೆ ಇರಬಾರದು ಎಂಬ ನಿಯಮ ಅಂದು ಜನರಿಗೆ ತಲುಪಬೇಕಿತ್ತು, ತಲುಪಲಿಲ್ಲ.

ಹಾಗಾದರೆ ಹೊದಿಕೆಯೊಳಗಿನ, ನಿಯಮಬದ್ಧವಾದ ಬಂದೂಕನ್ನೂ ಮಾಲೀಕ ಬೇಡವೆನ್ನಬಹುದೆ? ಇದಕ್ಕೆ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಲ್ಲ, ಸ್ವತ್ತಿನ ಕಾನೂನಿನಲ್ಲಿ ಉತ್ತರ ಹುಡುಕಬೇಕು. ಅಂಗಡಿಗೆ ಬರುವ ಗಿರಾಕಿ ಮಾಲೀಕನ ಅನುಮತಿಯ ಮೇಲೆ ಒಳಬರುತ್ತಾನೆ; 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆ ಇಂಥ ಅನುಮತಿಯನ್ನು ಕೊಟ್ಟವರು ಸಾಮಾನ್ಯವಾಗಿ ಹಿಂಪಡೆಯಬಹುದೆಂದು ಹೇಳುತ್ತದೆ, ಹಿಂಪಡೆಯಬಹುದಾದದ್ದಕ್ಕೆ ಷರತ್ತನ್ನೂ ಹಾಕಬಹುದು. 2023ರ ಜನವರಿ 3ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿದ ಕೆ.ಸಿ. ಸಿನಿಮಾ ಪ್ರಕರಣದಲ್ಲಿದ್ದುದು ಬಂದೂಕಲ್ಲ, ಹೊರಗಿನ ತಿಂಡಿ. ಚಿತ್ರಮಂದಿರಕ್ಕೆ ಪ್ರೇಕ್ಷಕರು ತಮ್ಮ ಬುತ್ತಿ ತರಬಹುದೆಂದು ಜಮ್ಮು ಮತ್ತು ಕಾಶ್ಮೀರ ಹೈಕೋರ್ಟ್ ಕೊಟ್ಟಿದ್ದ ಆದೇಶವನ್ನು ತಳ್ಳಿಹಾಕಿದ ನ್ಯಾಯಾಲಯ, ಚಿತ್ರಮಂದಿರ ಖಾಸಗಿ ಸ್ವತ್ತಾದ್ದರಿಂದ ಸಾರ್ವಜನಿಕ ಹಿತ, ಸುರಕ್ಷತೆ ಮತ್ತು ಕ್ಷೇಮಕ್ಕೆ ವಿರುದ್ಧವಾಗದ ಷರತ್ತುಗಳನ್ನು ಮಾಲೀಕ ಹಾಕಬಹುದೆಂದು ಹೇಳಿತು. ಚಕ್ಕುಲಿಯನ್ನು ಬಾಗಿಲಲ್ಲಿ ತಡೆಯುವ ಹಕ್ಕುಳ್ಳವನಿಗೆ ತೋಟೆ ತುಂಬಿದ ಬಂದೂಕನ್ನು ತಡೆಯುವ ಹಕ್ಕಿದೆ ಎಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ, ಏಕೆಂದರೆ ಇಲ್ಲಿ ಷರತ್ತು ಸುರಕ್ಷತೆಗೆ ವಿರುದ್ಧವಾಗಿರದೆ ಸುರಕ್ಷತೆಗಾಗಿಯೇ ಇರುತ್ತದೆ. ಹೊರಡಿ ಎಂದ ಮೇಲೂ ಹೊರಡದೆ, ಬೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶದಿಂದ ಅಲ್ಲಿಯೇ ಉಳಿದವರು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೇ ಪ್ರಕರಣದ ಅಪರಾಧಿಕ ಅತಿಕ್ರಮಣಕ್ಕೆ ಒಳಗಾಗುತ್ತಾರೆ.

ಮಾಲೀಕನ ಈ ಅಧಿಕಾರಕ್ಕೆ ಒಂದು ದೊಡ್ಡ ಮಿತಿಯಿದ್ದು, ಅದನ್ನು ಈ ದೇಶ ಬಹಳ ನೋವುಂಡು ಬರೆದುಕೊಂಡಿದೆ. ಸಂವಿಧಾನದ 15ನೇ ವಿಧಿಯ ಎರಡನೆಯ ಖಂಡವು ಅಂಗಡಿ, ಹೋಟೆಲು, ಮನರಂಜನೆಯ ಸ್ಥಳಗಳ ಪ್ರವೇಶವನ್ನು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕಾಗಿ ಮಾತ್ರವೇ ಯಾರಿಗೂ ನಿರಾಕರಿಸುವಂತಿಲ್ಲ ಎನ್ನುತ್ತದೆ; ಅಸ್ಪೃಶ್ಯತೆಯ ಆಚರಣೆಗೆ ಪ್ರತ್ಯೇಕ ಶಿಕ್ಷೆಯೇ ಇದೆ. ಹೋಟೆಲಿನ ಬಾಗಿಲಲ್ಲಿ ಮನುಷ್ಯರನ್ನು ತಡೆದ ಚರಿತ್ರೆ ಇರುವ ನಾಡಿನಲ್ಲಿ, ಪ್ರವೇಶ ನಿರಾಕರಿಸುವ ಹಕ್ಕು ಎಂಬ ಮಾತನ್ನು ಎಚ್ಚರದಿಂದಲೇ ಬಳಸಬೇಕು. ಈ ಪಟ್ಟಿಯಲ್ಲಿ ಬಂದೂಕು ಇಲ್ಲ, ಆದ್ದರಿಂದ ಬಂದೂಕನ್ನು ತಡೆಯುವುದು ತಾರತಮ್ಯವಲ್ಲ. ಆದರೆ ಪೇಟೆಯ ಗುತ್ತಿಗೆದಾರನ ಪಿಸ್ತೂಲನ್ನು ಕಂಡೂ ಕಾಣದಂತೆ ಬಿಟ್ಟು, ತಾಂಡಾದಿಂದ ಬಂದ ಲಂಬಾಣಿ ರೈತನ ಅಥವಾ ಹಟ್ಟಿಯಿಂದ ಬಂದ ನಾಯಕರ ಹುಡುಗನ ಬಟ್ಟೆ ಸುತ್ತಿದ ನಾಡಬಂದೂಕನ್ನು ಮಾತ್ರ ತಡೆದರೆ, ಅಲ್ಲಿ ತಡೆದದ್ದು ಬಂದೂಕನ್ನಲ್ಲ. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲೊಂದರಲ್ಲಿ ಪಂಚೆ ಉಟ್ಟಿದ್ದ ಹಾವೇರಿ ಜಿಲ್ಲೆಯ ರೈತರೊಬ್ಬರನ್ನು ಒಳಗೆ ಬಿಡದೆ ಹೋದಾಗ ನಾಡಿಗೆ ನಾಡೇ ಸಿಡಿದದ್ದು, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಪ್ರಕಟಿಸಿದ್ದು ಎಲ್ಲರಿಗೂ ನೆನಪಿರುವ ಸಂಗತಿ. ಮಾಲೀಕನ ಬಾಗಿಲು ಮಾಲೀಕನದೇ ಆದರೂ ಗೌರವದ ಪ್ರಶ್ನೆ ಬಂದಾಗ ಅದು ಊರಿನದೂ ಆಗುತ್ತದೆ. ಸಿಖ್ಖರ ಕಿರ್ಪಾಣದ ಮಾತೂ ಇಲ್ಲಿ ಬರುತ್ತದೆ: ಅದನ್ನು ಧರಿಸುವುದನ್ನು 25ನೇ ವಿಧಿಯ ವಿವರಣೆ ಧರ್ಮಾಚರಣೆಯ ಭಾಗವೆಂದು ಗುರುತಿಸಿರುವುದರಿಂದ ಬಂದೂಕಿನ ಫಲಕವನ್ನು ತೋರಿಸಿ ಕಿರ್ಪಾಣವನ್ನು ತಡೆಯುವುದು ಸಲ್ಲದು.

ಕಾಗದದ ಮೇಲಿನ ಹಕ್ಕು ಗಲ್ಲಾಪೆಟ್ಟಿಗೆಯ ಎದುರಿನಲ್ಲಿ ಹೇಗೆ ನಿಲ್ಲುತ್ತದೆ ಎಂಬುದೇ ನಿಜವಾದ ಕಷ್ಟದ ಜಾಗ. ಅಡಿಕೆ ಮಂಡಿಯ ಮಾಲೀಕನಿಗೆ ಅಥವಾ ಕಿರಾಣಿ ಅಂಗಡಿಯ ಹುಡುಗನಿಗೆ ಎದುರು ನಿಂತವರು ವರ್ಷಾನುಗಟ್ಟಲೆ ವ್ಯವಹಾರ ಮಾಡಿದ ದೊಡ್ಡ ತೋಟದ ಯಜಮಾನರೋ, ಖೇಣಿದಾರರೋ ಆಗಿರುತ್ತಾರೆ. ಅವರಿಗೆ ನಿಯಮ ಹೇಳುವುದು ಸುಲಭವಲ್ಲ. ಹೇಳಿದರೂ ನಾಲಗೆಗೆ ಬರುವ ಮಾತು 'ಗೌಡ್ರೆ, ಅದನ್ನ ಆಚೆ ಇಟ್ಟು ಬನ್ನಿ' ಎಂಬುದೇ. ಈ ಮಾತು ವಿನಯದ್ದಾದರೂ ಕಾನೂನಿನ ಕಣ್ಣಿಗೆ ಅಪಾಯದ್ದು. ಆಚೆ ಎಂದರೆ ಎಲ್ಲಿ? ಬೈಕಿನ ಪಕ್ಕೆಯಲ್ಲಿ, ಜೀಪಿನ ಸೀಟಿನ ಮೇಲೆ ಬಿಟ್ಟ ಬಂದೂಕು ಪರವಾನಗಿದಾರನ ಹಿಡಿತದಲ್ಲಿರುವುದಿಲ್ಲ, ಮಕ್ಕಳ ಕೈಗೋ ಕಳ್ಳರ ಕೈಗೋ ಸಿಕ್ಕರೆ ಅದಕ್ಕೆ ಅವನೇ ಹೊಣೆ. ಇನ್ನು ಚೀಲಗಳನ್ನು ಇಟ್ಟುಕೊಂಡು ಟೋಕನ್ ಕೊಡುವ ರೀತಿಯಲ್ಲಿ ಬಂದೂಕನ್ನು ಕೌಂಟರಿನಲ್ಲಿ ತೆಗೆದಿಟ್ಟುಕೊಳ್ಳೋಣವೆಂದರೆ ಅಂಗಡಿಯವನೇ ಇಕ್ಕಟ್ಟಿಗೆ ಸಿಲುಕುತ್ತಾನೆ. ಕಾಯ್ದೆಯ 3ನೇ ಪ್ರಕರಣದ ಪ್ರಕಾರ ಪರವಾನಗಿ ಇಲ್ಲದೆ ಬಂದೂಕನ್ನು ಸ್ವಾಧೀನದಲ್ಲಿ ಇಟ್ಟುಕೊಳ್ಳುವುದು ಅಪರಾಧ. 2019ರ ನಂತರ ಅದಕ್ಕೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸಜೆ. ಪರವಾನಗಿದಾರನ ಎದುರಿನಲ್ಲಿ ಅಥವಾ ಅವನ ಲಿಖಿತ ಅಧಿಕಾರದ ಮೇರೆಗೆ ದುರಸ್ತಿಗೆ, ನವೀಕರಣಕ್ಕೆ ಅಥವಾ ಅವನದೇ ಬಳಕೆಗೆ ಬೇರೊಬ್ಬರು ಬಂದೂಕು ಒಯ್ಯಲು ಕಾಯ್ದೆ ಅವಕಾಶ ಕೊಟ್ಟಿದೆಯೇ ಹೊರತು ಅಂಗಡಿಯ ಕಪಾಟಿನಲ್ಲಿ ಕೂಡಿಡಲು ಅಲ್ಲ. ಹೋಟೆಲು, ವಸತಿಗೃಹ, ಆಸ್ಪತ್ರೆಗಳ ಸಿಬ್ಬಂದಿಗೆ ಈ ವಿಷಯ ಗೊತ್ತಿರಲೇಬೇಕು: ಬಂದೂಕು ಬೇಡವೆನ್ನಿ, ಆದರೆ ಕೈಗೆ ತೆಗೆದುಕೊಳ್ಳಬೇಡಿ. ಗಿರಾಕಿ ಅದನ್ನು ಮನೆಗೋ, ಠಾಣೆಗೋ, ಪರವಾನಗಿ ಪಡೆದ ಶಸ್ತ್ರ ವ್ಯಾಪಾರಿಯಲ್ಲಿಗೋ ಒಯ್ದು ಬರಬೇಕಾದದ್ದು ಗಿರಾಕಿಯದೇ ಜವಾಬ್ದಾರಿ.

ತಪಾಸಣೆಯ ವಿಚಾರದಲ್ಲಿಯೂ ಇಂಥದೇ ತಪ್ಪು ಕಲ್ಪನೆಯಿದೆ. ಮಾಲ್, ಚಿತ್ರಮಂದಿರಗಳ ಬಾಗಿಲಲ್ಲಿ ನಿಲ್ಲುವ ಕಾವಲುಗಾರ 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆಯ ಅಡಿಯಲ್ಲಿ ದುಡಿಯುವ ಖಾಸಗಿ ನೌಕರ, ಪೊಲೀಸನಲ್ಲ. ಅವನು ಚೀಲ ತೆರೆಸಿ ನೋಡುವುದು ಗಿರಾಕಿಯ ಒಪ್ಪಿಗೆಯ ಮೇಲೆ, ಒಪ್ಪದವರನ್ನು ಒಳಗೆ ಬಿಡದಿರಬಹುದೇ ವಿನಾ ಬಲವಂತವಾಗಿ ಶೋಧಿಸುವಂತಿಲ್ಲ. ಅವನ ಕಣ್ಣೆದುರಿಗೇ ಜಾಮೀನು ರಹಿತವಾದ, ಪೊಲೀಸರು ನೇರವಾಗಿ ಬಂಧಿಸಬಹುದಾದ ಅಪರಾಧ ನಡೆದರೆ ಯಾವುದೇ ನಾಗರಿಕನಂತೆ ಅವನೂ ತಪ್ಪಿತಸ್ಥನನ್ನು ಹಿಡಿಯಬಹುದು, ಆದರೆ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಪ್ರಕರಣದ ಪ್ರಕಾರ ಹಿಡಿದವನನ್ನು 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಶಸ್ತ್ರಾಸ್ತ್ರ ಕಾಯ್ದೆಯಡಿಯ ಅಪರಾಧ ಗಮನಕ್ಕೆ ಬಂದರೆ ಹತ್ತಿರದ ಠಾಣೆಗೆ ತಿಳಿಸುವುದು ಆ ಕಾಯ್ದೆಯ 36ನೇ ಪ್ರಕರಣದಂತೆ ಪ್ರತಿಯೊಬ್ಬರ ಕರ್ತವ್ಯ, ಅಂಗಡಿಯವರೂ ಇದಕ್ಕೆ ಹೊರತಲ್ಲ. ಜನಪ್ರತಿನಿಧಿಗಳ ಜತೆ ಬರುವ ಸರ್ಕಾರಿ ಅಂಗರಕ್ಷಕನ ಶಸ್ತ್ರ ಮಾತ್ರ ಬೇರೆ ಲೆಕ್ಕಕ್ಕೆ ಸೇರಿದ್ದು, ಅವನು ಕರ್ತವ್ಯದ ಮೇಲಿರುವ ಸರ್ಕಾರಿ ನೌಕರ. ಶ್ರೀಮಂತರು ಸಂಬಳ ಕೊಟ್ಟು ಇಟ್ಟುಕೊಂಡ ಖಾಸಗಿ ಗನ್‌ಮ್ಯಾನ್‌ಗೆ ಆ ರಿಯಾಯಿತಿ ಇಲ್ಲ.

ಬಂದೂಕಿದ್ದರೆ ಸುರಕ್ಷತೆ ಹೆಚ್ಚುತ್ತದೆ ಎಂಬ ವಾದ ಬ್ಯಾಂಕುಗಳ ಸಂದರ್ಭದಲ್ಲಿ ಬಲವಾಗಿ ಕೇಳಿಬರುತ್ತದೆ. 2024ರ ಅಕ್ಟೋಬರ್ ಕೊನೆಯಲ್ಲಿ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಿಂದ ಗಿರವಿ ಇಟ್ಟಿದ್ದ 17 ಕಿಲೋಗೂ ಹೆಚ್ಚು ಚಿನ್ನ ಕಳುವಾದಾಗ ಆ ಊರಿನ ನೂರಾರು ಮನೆಗಳ ಮಾಂಗಲ್ಯ, ಬಳೆ, ಓಲೆಗಳೇ ಹೋದಂತಾಗಿತ್ತು. 2025ರ ಮಾರ್ಚ್‌ನಲ್ಲಿ ಪೊಲೀಸರು ಆರೋಪಿಗಳನ್ನು ಹಿಡಿದು ತಮಿಳುನಾಡಿನ ಬಾವಿಯೊಂದರಿಂದ ಚಿನ್ನವನ್ನು ಮೇಲೆತ್ತಿದರು. ಆ ಕಳ್ಳತನ ಹೇಗೆ ನಡೆಯಿತೆಂಬುದನ್ನು ನೋಡಿದರೆ, ರಜೆಯ ಹೊತ್ತಿನ ರಾತ್ರಿ ಕಿಟಕಿಯ ಸರಳು ತೆಗೆದು, ಗ್ಯಾಸ್ ಕಟ್ಟರ್‌ನಿಂದ ಕಪಾಟು ಕೊರೆದು, ಸಿಸಿಟಿವಿಯ ದಾಖಲೆ ಪೆಟ್ಟಿಗೆಯನ್ನೇ ಹೊತ್ತೊಯ್ದಿದ್ದರು. ಹಗಲಲ್ಲಿ ಗಿರಾಕಿಗಳ ಹೆಗಲ ಮೇಲೆ ಎಷ್ಟು ಬಂದೂಕು ಇದ್ದಿದ್ದರೂ ಅದನ್ನು ತಡೆಯಲಾಗುತ್ತಿರಲಿಲ್ಲ. ತಡೆಯಬಹುದಾದದ್ದು ಗಟ್ಟಿ ಕಿಟಕಿ, ಎಚ್ಚರಿಕೆಯ ಗಂಟೆ, ರಾತ್ರಿ ಕಾವಲು, ಮತ್ತು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಜನ ಸೇರುವ ಸಂಸ್ಥೆಗಳಿಂದ ಬಯಸುವ ಪ್ರವೇಶ ನಿಯಂತ್ರಣ ಹಾಗೂ ಸಿಸಿಟಿವಿಯ ಪ್ರಾಮಾಣಿಕ ಪಾಲನೆ. ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವ ಶಸ್ತ್ರಸಜ್ಜಿತ ಕಾವಲುಗಾರನ ಪಾತ್ರವೂ ಹೊರಗಿನ ಬಂದೂಕುಗಳು ಒಳಗಿರದಿದ್ದಾಗಲೇ ಸ್ಪಷ್ಟವಾಗಿರುತ್ತದೆ. ಗಲಿಬಿಲಿಯ ಒಂದು ನಿಮಿಷದಲ್ಲಿ ಯಾವ ಬಂದೂಕು ರಕ್ಷಕನದು, ಯಾವುದು ದರೋಡೆಕೋರನದು ಎಂದು ಗುರುತಿಸುವುದು ಯಾರಿಂದಲೂ ಆಗದು.

ಮಾಲೀಕರ ನಿರ್ಬಂಧ ಅತಿ ತುರ್ತಾಗಿ ಬೇಕಾದ ಜಾಗ ಕಲ್ಯಾಣ ಮಂಟಪ. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸುವ ಚಟ ಉತ್ತರ ಭಾರತದಲ್ಲಿ ಎಷ್ಟೋ ಜೀವಗಳನ್ನು ತೆಗೆದದ್ದರಿಂದ 2019ರ ತಿದ್ದುಪಡಿ ಅದನ್ನು ಪ್ರತ್ಯೇಕ ಅಪರಾಧವನ್ನಾಗಿ ಮಾಡಿತು: ಸಾರ್ವಜನಿಕ ಕೂಟ, ಧಾರ್ಮಿಕ ಸ್ಥಳ, ಮದುವೆ ಮುಂತಾದೆಡೆ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಸಜೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಈ ಚಟ ಮಧ್ಯ ಕರ್ನಾಟಕದ್ದಲ್ಲ, ಆಗಬಾರದು ಕೂಡ. ಮಂಟಪ ಕಾಯ್ದಿರಿಸುವಾಗ ಮುಂಗಡ, ವಿದ್ಯುತ್ ಖರ್ಚು, ಸ್ವಚ್ಛತೆಯ ಬಾಬ್ತು, ಪಟಾಕಿಯ ನಿಷೇಧ ಇತ್ಯಾದಿಗಳನ್ನು ಬರೆದ ರಸೀದಿಗೆ ಎರಡೂ ಕಡೆಯವರು ಸಹಿ ಹಾಕುವ ಪದ್ಧತಿ ಇದ್ದೇ ಇದೆ. ಅದೇ ಹಾಳೆಯಲ್ಲಿ, ಮಂಟಪದ ಆವರಣಕ್ಕೆ ಯಾರೂ ಬಂದೂಕು ತರುವಂತಿಲ್ಲ, ತಂದರೆ ಕಾರ್ಯಕ್ರಮ ನಿಲ್ಲಿಸಿ ಪೊಲೀಸರಿಗೆ ತಿಳಿಸಲಾಗುವುದು ಎಂಬ ಒಂದು ಸಾಲು ಸೇರಿಸಿದರೆ ಅದು ಕರಾರಿನ ಭಾಗವಾಗಿ ಮಾಲೀಕನ ಕೈ ಬಲಪಡಿಸುತ್ತದೆ, ಮತ್ತು ಬೀಗರೆದುರು ನಿಷ್ಠುರ ಕಟ್ಟಿಕೊಳ್ಳುವ ಪ್ರಸಂಗ ಮಂಟಪದ ಮ್ಯಾನೇಜರಿಗೆ ತಪ್ಪುತ್ತದೆ.

ಬಂದೂಕು ಉಳ್ಳ ರೈತರ ಕಡೆಯ ಅಳಲನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಚುನಾವಣೆ ಬಂದಾಗ ಪರವಾನಗಿ ಬಂದೂಕುಗಳನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕೆಂಬ ಆದೇಶ ಹೊರಡುತ್ತದೆ, ವಿನಾಯಿತಿ ಬೇಕಾದವರ ಅರ್ಜಿಯನ್ನು ಪರಿಶೀಲನಾ ಸಮಿತಿ ನೋಡುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ಮಾರ್ಚ್ 16ಕ್ಕೆ ನೀತಿ ಸಂಹಿತೆ ಜಾರಿಯಾಗಿ, ದಾವಣಗೆರೆ ಕ್ಷೇತ್ರದಲ್ಲಿ ಮೇ 7ಕ್ಕೆ ಮತದಾನ ನಡೆದು, ಜೂನ್ 4ಕ್ಕೆ ಎಣಿಕೆ ಮುಗಿಯುವವರೆಗೆ ಇಡೀ ಬೇಸಿಗೆ ಕಳೆಯಿತು. ಕಾಡಿನಲ್ಲಿ ನೀರು, ಮೇವು ಬತ್ತಿ ಪ್ರಾಣಿಗಳು ತೋಟಕ್ಕೆ ಇಳಿಯುವ ದಿನಗಳೂ ಅವೇ. ಹೊಲದಲ್ಲಿ ಬೇಕಾದ ದಿನ ಬಂದೂಕು ಠಾಣೆಯಲ್ಲಿರುವುದು, ಪೇಟೆಯಲ್ಲಿ ಬೇಡವಾದ ದಿನ ಕೈಯಲ್ಲಿರುವುದು ಎಂಬ ಈ ವೈಪರೀತ್ಯಕ್ಕೆ ರೈತ ಕಾರಣನಲ್ಲ. ಅಂಗಡಿಯ ನಿರ್ಬಂಧವನ್ನು ಬೆಂಬಲಿಸುವವರು ಇದನ್ನು ಅರಿತಿರಬೇಕು: ಪೇಟೆಯ ಬಾಗಿಲಲ್ಲಿ ಬಂದೂಕನ್ನು ತಡೆಯುವುದು ಹೊಲದಲ್ಲಿ ಅದರ ಅಗತ್ಯವನ್ನು ಅಲ್ಲಗಳೆದಂತೆ ಅಲ್ಲ.

ಅಮೆರಿಕದ ಅನುಭವದಿಂದ ಇಲ್ಲಿಗೆ ಉಪಯೋಗವಾಗುವ ಸಂಗತಿ ಒಂದಿದೆ. ಅಲ್ಲಿಯ ಸಂವಿಧಾನದ ಎರಡನೇ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು, ಅಂಗಡಿಯ ಮಾಲೀಕರನ್ನಲ್ಲ. ಆದ್ದರಿಂದ ಬಂದೂಕು ಹಕ್ಕಾಗಿರುವ ನಾಡಿನಲ್ಲಿಯೂ ಖಾಸಗಿ ಮಾಲೀಕರು ಬೇಡವೆನ್ನಬಹುದು. 2013ರಲ್ಲಿ ಸ್ಟಾರ್‌ಬಕ್ಸ್ ಕಾಫಿ ಕಂಪನಿಯ ಮುಖ್ಯಸ್ಥ ಹೊವಾರ್ಡ್ ಶುಲ್ಟ್ಸ್ ಬಂದೂಕು ತರಬೇಡಿರೆಂದು ಗಿರಾಕಿಗಳಿಗೆ ಬಹಿರಂಗ ಪತ್ರ ಬರೆದರು. 2019ರ ಆಗಸ್ಟ್‌ನಲ್ಲಿ ಟೆಕ್ಸಾಸಿನ ಎಲ್ ಪಾಸೊ ನಗರದ ವಾಲ್‌ಮಾರ್ಟ್ ಮಳಿಗೆಯಲ್ಲಿ ಹತ್ಯಾಕಾಂಡ ನಡೆದ ಮರುತಿಂಗಳೇ ಆ ಕಂಪನಿಯೂ ಬಂದೂಕನ್ನು ಕಾಣುವಂತೆ ಹೊತ್ತು ಬರಬೇಡಿರೆಂದು ಕೋರಿತು. ಟೆಕ್ಸಾಸ್ ಕಾನೂನು ಇನ್ನೂ ಮುಂದೆ ಹೋಗಿ, ಬಾಗಿಲಲ್ಲಿ ಹಾಕುವ ಫಲಕದ ರೂಪವನ್ನೇ ಗೊತ್ತುಮಾಡಿದೆ: ನಿಗದಿತ ಒಕ್ಕಣೆ, ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡೂ ಭಾಷೆ, ಎದ್ದು ಕಾಣುವ ಬಣ್ಣ, ಕನಿಷ್ಠ ಒಂದು ಅಂಗುಲ ಎತ್ತರದ ಅಕ್ಷರ. ಅಂಥ ಫಲಕ ದಾಟಿ ಬಂದವರಿಗೆ ಗೊತ್ತಿರಲಿಲ್ಲ ಎನ್ನುವ ನೆಪ ಉಳಿಯುವುದಿಲ್ಲ.

ಕರ್ನಾಟಕದಲ್ಲಿ ಇಂಥ ಫಲಕಕ್ಕೆ ನಿಗದಿಯಾದ ರೂಪವಿಲ್ಲ, ಆದರೆ ಹಾಕುವುದಕ್ಕೆ ಅಡ್ಡಿಯೂ ಇಲ್ಲ. ಒಬ್ಬೊಬ್ಬ ಅಂಗಡಿಯವನು ಒಂಟಿಯಾಗಿ ಹಾಕಿದರೆ ಯಾರನ್ನೋ ಗುರಿಮಾಡಿದಂತೆ ಕಾಣುತ್ತದೆ. ಊರಿನ ವರ್ತಕರ ಸಂಘ, ಹೋಟೆಲು ಮಾಲೀಕರ ಸಂಘ, ಅಡಿಕೆ ಬೆಳೆಗಾರರ ಸಹಕಾರ ಸಂಘಗಳು ಒಟ್ಟಾಗಿ ಒಂದೇ ಒಕ್ಕಣೆಯನ್ನು ಗೊತ್ತುಮಾಡಿ ಎಲ್ಲ ಬಾಗಿಲುಗಳಲ್ಲಿ ಹಾಕಿದರೆ ನಿಷ್ಠುರವೂ ಹಂಚಿಹೋಗುತ್ತದೆ, ತಾರತಮ್ಯದ ಅನುಮಾನವೂ ಉಳಿಯುವುದಿಲ್ಲ. 'ಈ ಆವರಣದೊಳಗೆ ಬಂದೂಕು, ಪಿಸ್ತೂಲು, ಗುಂಡುಗಳನ್ನು ತರುವಂತಿಲ್ಲ; ಪರವಾನಗಿ ಉಳ್ಳವರಿಗೂ ಇದು ಅನ್ವಯಿಸುತ್ತದೆ; ಇಲ್ಲಿ ಬಂದೂಕು ಇರಿಸಿಕೊಳ್ಳುವ ವ್ಯವಸ್ಥೆ ಇಲ್ಲ; ಕರ್ತವ್ಯದಲ್ಲಿರುವ ಪೊಲೀಸರು ಹಾಗೂ ಸಂಸ್ಥೆಯ ಅಧಿಕೃತ ಕಾವಲುಗಾರರು ಹೊರತು' ಎಂಬಷ್ಟು ಬರೆದರೆ ಸಾಕಾಗುತ್ತದೆ, ಕೆಳಗೆ ಠಾಣೆಯ ದೂರವಾಣಿ ಸಂಖ್ಯೆಯೂ ತುರ್ತು ಸಹಾಯದ 112 ಕೂಡ ಇರಲಿ. ಇದರ ಜತೆಗೆ ಜಿಲ್ಲಾಡಳಿತ ಮಾಡಬಹುದಾದ ಕೆಲಸವೊಂದಿದೆ: ನವೀಕರಣಕ್ಕೋ ಠೇವಣಿಗೋ ಹಳ್ಳಿಯಿಂದ ಬಂದ ರೈತನು ಬೇರೆ ಕೆಲಸಗಳನ್ನು ಮುಗಿಸಿಕೊಂಡು ಬರುವವರೆಗೆ ಅವನ ಬಂದೂಕನ್ನು ರಸೀದಿ ಕೊಟ್ಟು ಠಾಣೆಯಲ್ಲೇ ಇರಿಸಿಕೊಳ್ಳುವ ಏರ್ಪಾಡು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ನಾಲ್ಕೂ ಠಾಣೆಗಳಲ್ಲಿ ಇದ್ದರೆ, ಹೋಟೆಲಿನ ಬಾಗಿಲವರೆಗೂ ಆ ಬಂದೂಕು ಬರುವ ಸಂದರ್ಭವೇ ಬಹುಮಟ್ಟಿಗೆ ಇಲ್ಲವಾಗುತ್ತದೆ.